ಪ್ರತಿಕ್ರಿಯೆ: ಅಲ್ಹಂಬ್ರಾದ ಏಳಂತಸ್ತಿನ ಗೋಪುರಕ್ಕೆ ಟಿಕೆಟ್ ಬೇಕೇ?

ಸ್ಪೇನಿನ ಗ್ರನಾಡಾ ಊರಿನ ಅಲ್ಹಂಬ್ರಾ ಕೋಟೆಯಲ್ಲಿ ಅರಮನೆಗಳ ಟಿಕೆಟ್ ಸಿಕ್ಕಿಲ್ಲ, ಏಳಂತಸ್ತಿನ ಗೋಪುರ ಎಂಬ ಹೆಸರಿನ ಹೆಬ್ಬಾಗಿಲನ್ನಾದರೂ ನೋಡಬಹುದೇ ಅಂತ ಕೇಳಿದ್ದೀರಿ. ಖಂಡಿತ ನೋಡಬಹುದು, ಅದಕ್ಕೆ ಟಿಕೆಟ್ ಬೇಕಿಲ್ಲ. ಟಿಕೆಟ್ ಕೌಂಟರ್ ಕಡೆಯಿಂದ ಕೋಟೆಗೋಡೆಯ ಹೊರಗೇ, ಮರಗಳ ನಡುವಿನ ದಾರಿಯಲ್ಲಿ ಇಳಿಯುತ್ತಾ ಬನ್ನಿ, ಬಲಗಡೆ ಸಿಗುತ್ತೆ. ಒಳಗೆ ಮಾತ್ರ ಸಾಮಾನ್ಯವಾಗಿ ಬಿಡುವುದಿಲ್ಲ.

1812ರಲ್ಲಿ ನೆಪೋಲಿಯನ್ನನ ಸೇನೆ ಗ್ರನಾಡಾ ಬಿಟ್ಟು ಹೋಗುವಾಗ ಮದ್ದಿಟ್ಟು ಉಡಾಯಿಸಿದ ಗೋಪುರಗಳಲ್ಲಿ ಇದೂ ಒಂದು. ಈಗ ಕಾಣುವುದರಲ್ಲಿ ಬಹುಭಾಗ 20ನೇ ಶತಮಾನದಲ್ಲಿ ಹಳೆಯ ಚಿತ್ರಗಳನ್ನು ನೋಡಿ ಮತ್ತೆ ಕಟ್ಟಿದ್ದು. ಮುಂದಕ್ಕೆ ಅರ್ಧವೃತ್ತವಾಗಿ ಚಾಚಿಕೊಂಡ ಗಿಡ್ಡ ಕೊತ್ತಳವನ್ನು ತಪ್ಪದೆ ಗಮನಿಸಿ, ಅದು ಫಿರಂಗಿಗಳಿಗೆಂದೇ ಕಟ್ಟಿದ್ದು. ಗ್ರನಾಡಾದ ಕೊನೆಯ ಸುಲ್ತಾನ ಬೋಅಬ್ದಿಲ್ 1492ರಲ್ಲಿ ಸ್ಪೇನಿನ ಕ್ರೈಸ್ತ ದೊರೆಗಳಿಗೆ ಊರು ಒಪ್ಪಿಸಲು ಈ ಬಾಗಿಲಿನಿಂದಲೇ ಹೊರಟ, ಇನ್ನು ಇದನ್ನು ಯಾರಿಗೂ ತೆರೆಯಬೇಡಿ ಎಂದು ಕೇಳಿಕೊಂಡ ಅನ್ನೋದು ಐತಿಹ್ಯ. ಎದುರಿಗೆ ನಿಂತರೆ ಆ ಮಾತು ನಂಬಬೇಕು ಅನ್ನಿಸುತ್ತೆ. ನನಗಂತೂ ಕರುಳು ಚುರುಕ್ ಅಂದಿತ್ತು.

ಗೋಪುರ ಹತ್ತಲೇಬೇಕು ಅಂತಿದ್ದರೆ ಅಲ್ಹಂಬ್ರಾದೊಳಗಿನ ಹಳೆಯ ಸೇನಾಕೋಟೆ ಆಲ್ಕಸಾಬಾದ ವೇಲಾ ಗೋಪುರಕ್ಕೆ ಹೋಗಿ. ಅರಮನೆ ಬಿಟ್ಟು ಆಲ್ಕಸಾಬಾ ಮತ್ತು ತೋಟಗಳಿಗಷ್ಟೇ ಬೇರೆ ಟಿಕೆಟ್ ಇದೆ, ದರವೂ ಕಡಿಮೆ. ಪಾಸ್‌ಪೋರ್ಟ್ ಕೈಯಲ್ಲಿರಲಿ.