ಹಲ್ಲಿನ ಚಿಕಿತ್ಸೆಯ ಭಯ ಮತ್ತು ಮಂಪರಿನ ಗುಳಿಗೆ

ಪ್ರಶ್ನೆ: ನನಗೆ 46 ವರ್ಷ. ಎಂಟು ವರ್ಷದವಳಿದ್ದಾಗ ಇಬ್ಬರು ಒತ್ತಿ ಹಿಡಿದುಕೊಂಡು ನನ್ನ ಹಲ್ಲು ಕೀಳಿಸಿದ್ದರು. ಅಂದಿನಿಂದ ಹಲ್ಲಿನ ಆಸ್ಪತ್ರೆಯ ವಾಸನೆ ಬಂದರೂ ಕೈಕಾಲು ತಣ್ಣಗಾಗುತ್ತವೆ. ಈಗ ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಲೇಬೇಕಂತೆ. ಎರಡು ಸಲ ಬಾಗಿಲ ತನಕ ಹೋಗಿ ಹಿಂತಿರುಗಿದ್ದೇನೆ. ಭಯ ತಗ್ಗಲು ಮೊದಲೇ ಒಂದು ಗುಳಿಗೆ ಕೊಡುತ್ತೇನೆಂದು ವೈದ್ಯರು ಹೇಳಿದ್ದಾರೆ. ಅದರಿಂದ ಎಚ್ಚರ ತಪ್ಪುವುದೇ? ಅಭ್ಯಾಸವಾಗಿಬಿಡುವುದೇ? ಅತ್ತೆಯವರ ಬಳಿ ಇರುವ ನಿದ್ದೆ ಮಾತ್ರೆಯನ್ನೇ ನುಂಗಿ ಹೋದರಾಗದೇ?
– ಓದುಗರು, ತಿಪಟೂರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಪಾಯವಿರುವುದು ಅಲ್ಲಿಯೇ. ಅತ್ತೆಯವರ ಮಾತ್ರೆಯನ್ನು ದಯವಿಟ್ಟು ನುಂಗಬೇಡಿ. ಅದನ್ನು ಅವರ ವಯಸ್ಸು, ತೂಕ, ಕಾಯಿಲೆಗಳನ್ನು ನೋಡಿ ಬರೆದುಕೊಟ್ಟಿರುತ್ತಾರೆ. ನೀವು ಅದನ್ನು ನುಂಗಿ ಬಂದದ್ದು ದಂತವೈದ್ಯರಿಗೆ ತಿಳಿಯದೆ, ಅವರೂ ತಮ್ಮ ಗುಳಿಗೆಯನ್ನು ಕೊಟ್ಟರೆ ಎರಡರ ಪರಿಣಾಮ ಕೂಡಿಕೊಂಡು ಉಸಿರಾಟವೇ ನಿಧಾನವಾಗಬಹುದು. ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ಬಂದಿದ್ದ ಒಬ್ಬ ಹಿರಿಯರು ಕುರ್ಚಿಯಲ್ಲಿ ಕುಳಿತ ಹತ್ತೇ ನಿಮಿಷಕ್ಕೆ ತೂಕಡಿಸಲಾರಂಭಿಸಿದರು. ನಾನಿನ್ನೂ ಯಾವ ಔಷಧವನ್ನೂ ಕೊಟ್ಟಿರಲಿಲ್ಲ. ವಿಚಾರಿಸಿದಾಗ, ಧೈರ್ಯಕ್ಕೆಂದು ಮನೆಯಲ್ಲಿಯೇ ಎರಡು ಮಾತ್ರೆ ನುಂಗಿ ಬಂದಿದ್ದರೆಂದು ಅವರ ಮಗ ಹೇಳಿದರು. ಅಂದು ಚಿಕಿತ್ಸೆಯನ್ನು ಕೈಬಿಟ್ಟು, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಅವರು ಪೂರ್ತಿ ಎಚ್ಚರವಾಗುವವರೆಗೂ ಪಕ್ಕದಲ್ಲಿ ಕುಳಿತಿದ್ದೆ. ಭಯವಿದೆ ಎಂದು ಬಾಯಿಬಿಟ್ಟು ಹೇಳಲು ಅವರಿಗಿದ್ದ ಸಂಕೋಚವೇ ಅದಕ್ಕೆಲ್ಲ ಕಾರಣವಾಗಿತ್ತು.

ಈ ಗುಳಿಗೆಗಳು ಹೆಚ್ಚಾಗಿ ಬೆಂಜೋಡಯಾಜೆಪೀನ್ ಎಂಬ ಗುಂಪಿನವು. ಡಯಾಜೆಪಾಮ್, ಲೋರಾಜೆಪಾಮ್, ಆಲ್‌ಪ್ರಜೋಲಾಮ್ ಮೊದಲಾದವು ಇದರಲ್ಲಿ ಸೇರುತ್ತವೆ. ಮಿದುಳಿನ ಉದ್ವೇಗವನ್ನು ತಣಿಸುವ ಗಾಬಾ ಎಂಬ ರಾಸಾಯನಿಕ ನಮ್ಮೊಳಗೇ ಇದೆ. ಗುಳಿಗೆ ಅದರ ಕೆಲಸಕ್ಕೆ ಬಲ ಕೊಡುತ್ತದೆ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಎಚ್ಚರ ತಪ್ಪುವುದಿಲ್ಲ. ಹೆಸರು ಹಿಡಿದು ಕರೆದರೆ ಓಗೊಡುತ್ತೀರಿ, ಬಾಯಿ ತೆರೆಯಿರಿ ಎಂದರೆ ತೆರೆಯುತ್ತೀರಿ. ಆದರೆ ಡ್ರಿಲ್ಲಿನ ಸದ್ದು ಎಲ್ಲೋ ದೂರದಲ್ಲಿ ಆಗುತ್ತಿರುವಂತೆ ತೋರುತ್ತದೆ. ಮರುದಿನ ಯೋಚಿಸಿದರೆ ಚಿಕಿತ್ಸೆಯ ಕೆಲವು ಭಾಗಗಳು ನೆನಪಿಗೇ ಬಾರದಿರಬಹುದು, ಅದಕ್ಕೆ ಗಾಬರಿಯಾಗಬೇಕಿಲ್ಲ. ಚಿಕಿತ್ಸೆಯ ದಿನ ವೈದ್ಯರ ಕಣ್ಣೆದುರಿಗೆ ಒಂದು ಗುಳಿಗೆ ತೆಗೆದುಕೊಂಡ ಮಾತ್ರಕ್ಕೆ ಅಭ್ಯಾಸವೂ ಅಂಟುವುದಿಲ್ಲ. ವಾರಗಟ್ಟಲೆ ದಿನವೂ ನುಂಗಿದಾಗಲೇ ಆ ಭಯ.

ಒಂದು ವಿಷಯವನ್ನು ಮಾತ್ರ ಚೆನ್ನಾಗಿ ಮನದಟ್ಟು ಮಾಡಿಕೊಳ್ಳಿ. ಈ ಗುಳಿಗೆ ಭಯವನ್ನು ತಗ್ಗಿಸುತ್ತದೆಯೇ ಹೊರತು ನೋವನ್ನಲ್ಲ. ಮರಗಟ್ಟಿಸುವ ಲಿಗ್ನೋಕೇನ್ ಚುಚ್ಚುಮದ್ದು ಬೇಕೇ ಬೇಕು. ಕೆಳದವಡೆಯ ಹಿಂಬದಿಯ ಹಲ್ಲಿಗೆ, ನರವು ದವಡೆಯ ಮೂಳೆಯೊಳಗೆ ಹೊಗುವ ಜಾಗದ ಹತ್ತಿರ ಚುಚ್ಚುಮದ್ದು ಕೊಡುತ್ತಾರೆ. ಹಲ್ಲಿನೊಳಗಿನ ತಿರುಳು ಕೆರಳಿ ಊದಿಕೊಂಡಿದ್ದರೆ ಒಂದೇ ಚುಚ್ಚುಮದ್ದಿಗೆ ಪೂರ್ತಿ ಮರಗಟ್ಟದೆ ಹೋಗುವುದೂ ಉಂಟು. ಹಾಗಾದಾಗ ಸಹಿಸಿಕೊಂಡು ಕೂರದೆ ಎಡಗೈ ಎತ್ತಿ. ವೈದ್ಯರು ನಿಲ್ಲಿಸಿ ಇನ್ನೊಂದು ಚುಚ್ಚುಮದ್ದು ಕೊಡುತ್ತಾರೆ. ಕೈ ಎತ್ತಿದರೆ ನಿಲ್ಲಿಸುತ್ತೇವೆ ಎಂಬ ಒಪ್ಪಂದವನ್ನು ಕುರ್ಚಿಗೆ ಹತ್ತುವ ಮೊದಲೇ ಮಾಡಿಕೊಳ್ಳಿ. ಎಂಟನೆಯ ವರ್ಷದಲ್ಲಿ ನಿಮ್ಮಿಂದ ಕಸಿದುಕೊಂಡದ್ದು ಇದನ್ನೇ, ಬೇಡ ಎನ್ನುವ ಹಕ್ಕನ್ನು. ಅದು ಮತ್ತೆ ನಿಮ್ಮ ಕೈಗೆ ಬಂದರೆ ಅರ್ಧ ಭಯ ಇಳಿಯುತ್ತದೆ ಎಂಬುದು ನನ್ನ ಅನುಭವ.

ಗುಳಿಗೆಗೆ ಒಂದು ದೊಡ್ಡ ಮಿತಿಯಿದೆ: ನುಂಗಿದ ಮೇಲೆ ಅದನ್ನು ಹಿಂದಕ್ಕೆ ತೆಗೆಯಲಾಗದು. ಹೊಟ್ಟೆಯಲ್ಲಿ ಕರಗಿ ರಕ್ತಕ್ಕೆ ಸೇರಲು ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಒಬ್ಬರಿಗೆ ಸಾಕಾದ ಪ್ರಮಾಣ ಇನ್ನೊಬ್ಬರಿಗೆ ಹೆಚ್ಚಾಗುತ್ತದೆ. ‘ಏನೂ ಆಗಲೇ ಇಲ್ಲವಲ್ಲ’ ಎಂದು ಅವಸರಪಟ್ಟು ಎರಡನೆಯದನ್ನು ನುಂಗಿದವರು, ಎರಡೂ ಒಟ್ಟಿಗೆ ಕೆಲಸ ಮಾಡತೊಡಗಿದಾಗ ತೊಂದರೆಗೆ ಸಿಲುಕುತ್ತಾರೆ. ಮೂಗಿನ ಮೂಲಕ ಕೊಡುವ ನೈಟ್ರಸ್ ಆಕ್ಸೈಡ್ ಅನಿಲಕ್ಕೆ ಈ ದೋಷವಿಲ್ಲ, ಬೇಕಾದಷ್ಟೇ ಕೊಟ್ಟು, ಕೊನೆಗೆ ಆಮ್ಲಜನಕ ಉಸಿರಾಡಿಸಿದರೆ ಕೆಲವೇ ನಿಮಿಷಗಳಲ್ಲಿ ಮಂಪರು ಹರಿಯುತ್ತದೆ. (1844ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನ ದಂತವೈದ್ಯ ಹೊರೇಸ್ ವೆಲ್ಸ್ ಈ ಅನಿಲವನ್ನು ತಾನೇ ಸೇದಿ, ತನ್ನ ಹಲ್ಲನ್ನೇ ಕೀಳಿಸಿಕೊಂಡು ನೋಡಿದ. ಅರಿವಳಿಕೆಯ ಚರಿತ್ರೆಯಲ್ಲಿ ಹಲ್ಲುನೋವಿಗೆ ಇಷ್ಟು ದೊಡ್ಡ ಪಾಲಿದೆ ಎಂಬುದು ನನಗೆ ಸದಾ ಸಮಾಧಾನ ಕೊಡುವ ಸಂಗತಿ.) ಆದರೆ ಆ ಉಪಕರಣ ಎಲ್ಲ ಊರುಗಳ ಕ್ಲಿನಿಕ್‌ಗಳಲ್ಲಿ ಇರುವುದಿಲ್ಲ, ಗುಳಿಗೆ ಎಲ್ಲೆಡೆ ಸಿಗುತ್ತದೆ.

ಸಿಗುತ್ತದೆ ಎಂದರೆ ಚೀಟಿಯಿಲ್ಲದೆ ಸಿಗಬೇಕೆಂದಲ್ಲ. 2014ರ ಮಾರ್ಚ್‌ನಿಂದ ಡಯಾಜೆಪಾಮ್, ಆಲ್‌ಪ್ರಜೋಲಾಮ್ ಮೊದಲಾದವು ಮಾರಾಟಕ್ಕೆ ಬಿಗಿ ನಿಯಮಗಳಿರುವ ಶೆಡ್ಯೂಲ್ ಎಚ್-1 ಎಂಬ ಔಷಧಗಳ ಪಟ್ಟಿಯಲ್ಲಿವೆ. ಮಾತ್ರೆಯ ಹಾಳೆಯ ಮೇಲೆ ಕೆಂಪು ಅಂಚಿನ ಚೌಕದಲ್ಲಿ ಎಚ್ಚರಿಕೆ ಇರುತ್ತದೆ. ಔಷಧ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡು, ಅದನ್ನು ಮೂರು ವರ್ಷ ಕಾಪಾಡಬೇಕು. ಪರಿಚಯದ ಅಂಗಡಿಯೆಂದು ಚೀಟಿಯಿಲ್ಲದೆ ಕೇಳುವುದು ಅವರನ್ನೂ ತಪ್ಪಿಗೆ ಎಳೆದಂತೆ.

ನಿಮ್ಮ ಭಯ ಎಷ್ಟಿದೆಯೆಂದು ವೈದ್ಯರಿಗೆ ತಿಳಿಸಲು ಐದು ಪ್ರಶ್ನೆಗಳ ಒಂದು ಅಳತೆ ಬಳಕೆಯಲ್ಲಿದೆ. ನಾಳೆ ಚಿಕಿತ್ಸೆಗೆ ಹೋಗಬೇಕೆಂದಾಗ, ಕಾಯುವ ಕೋಣೆಯಲ್ಲಿ ಕುಳಿತಾಗ, ಹಲ್ಲು ಕೊರೆಯುವಾಗ, ಹಲ್ಲು ಶುಚಿ ಮಾಡುವಾಗ, ವಸಡಿಗೆ ಸೂಜಿ ಚುಚ್ಚುವಾಗ ನಿಮಗೆ ಎಷ್ಟು ಭಯವಾಗುತ್ತದೆ ಎಂಬುದಕ್ಕೆ ಒಂದರಿಂದ ಐದರವರೆಗೆ ಅಂಕ ಕೊಟ್ಟುಕೊಳ್ಳಿ. ಮೊತ್ತ 19 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ತೀವ್ರ ಭಯ. ಆ ಅಂಕವನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗಿಡಿ. ಬಾಯಲ್ಲಿ ಹೇಳಲಾಗದ್ದನ್ನು ಅದು ಹೇಳುತ್ತದೆ. ಮೊದಲ ದಿನ ಬರೀ ಬಾಯಿ ತೋರಿಸಿ ಬನ್ನಿ, ಎರಡನೆಯ ಭೇಟಿಗೆ ಗುಳಿಗೆ ಇಟ್ಟುಕೊಳ್ಳಿ. ಬಸುರಿ, ಬಾಣಂತಿಯರಾಗಿದ್ದರೆ, ಎದೆಹಾಲು ಉಣಿಸುತ್ತಿದ್ದರೆ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯ ಒಂದು ಬಗೆ ಇದ್ದರೆ, ಪಿತ್ತಜನಕಾಂಗ ಕೆಟ್ಟಿದ್ದರೆ ಅಥವಾ ಮಯಸ್ತೇನಿಯಾ ಎಂಬ ಸ್ನಾಯುರೋಗವಿದ್ದರೆ ಈ ಗುಳಿಗೆ ಬೇಡವೆನ್ನಬಹುದು, ಮುಚ್ಚಿಡದೆ ಹೇಳಿ.

ಪ್ರಶ್ನೆ: ನನ್ನ ತಂದೆಗೆ 71 ವರ್ಷ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ರಾತ್ರಿ ಪಕ್ಕದ ಕೋಣೆಗೂ ಕೇಳುವಷ್ಟು ಗೊರಕೆ ಹೊಡೆಯುತ್ತಾರೆ. ನಾಲ್ಕು ಹಲ್ಲು ಕೀಳಿಸಬೇಕು, ಆದರೆ ತುಂಬಾ ಹೆದರುತ್ತಾರೆ. ಮಂಪರಿನ ಗುಳಿಗೆ ಕೊಡಿಸಬಹುದೇ?
– ಎಸ್., ಶಿರಸಿ

ಉತ್ತರ: ಗೊರಕೆಯ ವಿಷಯವನ್ನು ನೀವು ಬರೆದದ್ದು ಬಹಳ ಒಳ್ಳೆಯದಾಯಿತು. ಗೊರಕೆಯ ನಡುವೆ ಅವರ ಉಸಿರು ಕೆಲ ಕ್ಷಣ ನಿಂತು, ಆಮೇಲೆ ಬೆಚ್ಚಿದಂತೆ ಮತ್ತೆ ಶುರುವಾಗುವುದೇ ಎಂದು ಒಂದು ರಾತ್ರಿ ಎಚ್ಚರವಿದ್ದು ಗಮನಿಸಿ. ಹಾಗಿದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಮಂಪರಿನ ಔಷಧ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸುವುದರಿಂದ, ಅಂಥವರಿಗೆ ಸಾಮಾನ್ಯ ಕ್ಲಿನಿಕ್ಕಿನಲ್ಲಿ ಗುಳಿಗೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಅರಿವಳಿಕೆ ತಜ್ಞರಿರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಯಾಜೆಪಾಮ್ ವಯಸ್ಸಾದವರ ದೇಹದಲ್ಲಿ ದಿನಗಟ್ಟಲೆ ಉಳಿಯುತ್ತದೆ. ರಾತ್ರಿ ಬಚ್ಚಲಿಗೆ ಎದ್ದು ಹೋಗುವಾಗ ಜೋಲಿ ತಪ್ಪಿ ಬಿದ್ದರೆ ಸೊಂಟದ ಮೂಳೆ ಮುರಿಯುವ ಭಯ ಬೇರೆ.

ಅವರು ನುಂಗುವ ಮಾತ್ರೆಗಳ ಹಾಳೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ರಕ್ತದೊತ್ತಡಕ್ಕೆ ಕೊಡುವ ಡಿಲ್ಟಿಯಾಜೆಮ್, ವೆರಾಪಮಿಲ್, ಸೋಂಕಿಗೆ ಕೊಡುವ ಕ್ಲಾರಿಥ್ರೊಮೈಸಿನ್, ಶಿಲೀಂಧ್ರಕ್ಕೆ ಕೊಡುವ ಫ್ಲುಕೊನಜೋಲ್ ಇವು ಕೆಲವು ಮಂಪರಿನ ಔಷಧಗಳನ್ನು ದೇಹದಲ್ಲಿ ಹೆಚ್ಚು ಹೊತ್ತು ಉಳಿಸುತ್ತವೆ. ನೋವಿಗೆ ಕೊಡುವ ಟ್ರಮಡಾಲ್, ನೆಗಡಿಯ ಕೆಲವು ಮಾತ್ರೆಗಳು ಮತ್ತು ಮದ್ಯ ಮಂಪರನ್ನು ಆಳಗೊಳಿಸುತ್ತವೆ. ರಕ್ತದೊತ್ತಡದ ಮಾತ್ರೆಯನ್ನಾದರೋ ಚಿಕಿತ್ಸೆಯ ದಿನ ತಮ್ಮಷ್ಟಕ್ಕೆ ತಾವೇ ಬಿಡಬಾರದು. ಒಂದೇ ದಿನ ನಾಲ್ಕೂ ಹಲ್ಲು ಕೀಳಿಸುವ ಬದಲು, ಬೆಳಗಿನ ಹೊತ್ತು, ಒಮ್ಮೆಗೆ ಒಂದೋ ಎರಡೋ ಕೀಳಿಸಿ, ನೀವು ಅವರ ಕೈ ಹಿಡಿದು ಪಕ್ಕದಲ್ಲಿ ನಿಂತರೆ ಗುಳಿಗೆಯ ಅಗತ್ಯವೇ ಬೀಳದಿರಬಹುದು.

ಪ್ರಶ್ನೆ: ಐದು ವರ್ಷದ ಮಗಳಿಗೆ ಮಂಪರಿನ ಸಿರಪ್ ಕೊಟ್ಟು ಹುಳುಕು ತುಂಬುತ್ತೇವೆ ಎನ್ನುತ್ತಾರೆ. ಮನೆಯಲ್ಲಿಯೇ ಕುಡಿಸಿ ಕರೆತರಬಹುದೇ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಮನೆಯಲ್ಲಿ ಖಂಡಿತ ಬೇಡ. ಮಕ್ಕಳಿಗೆ ಸಾಮಾನ್ಯವಾಗಿ ಕೊಡುವ ಮಿಡಜೋಲಾಮ್ ಸಿರಪ್ಪನ್ನು ಆಸ್ಪತ್ರೆಯಲ್ಲಿಯೇ, ಮಗುವನ್ನು ಅದೇ ದಿನ ತೂಗಿ, ತೂಕಕ್ಕೆ ತಕ್ಕಷ್ಟೇ ಕುಡಿಸಬೇಕು. ದಾರಿಯಲ್ಲಿ ಮಗುವಿನ ಉಸಿರಾಟ ನಿಧಾನವಾದರೆ ನೋಡುವವರು ಯಾರು? ಚಿಕಿತ್ಸೆಗೆ ಆರು ಗಂಟೆ ಮೊದಲಿನಿಂದ ಹಾಲು, ತಿಂಡಿ ಕೊಡಬಾರದು. ನೀರನ್ನು ಎರಡು ಗಂಟೆ ಮೊದಲಿನವರೆಗೆ ಕೊಡಬಹುದು. ಹಸಿದ ಮಗು ಅಳುತ್ತದೆಂದು ದಾರಿಯಲ್ಲಿ ಒಂದು ಬಿಸ್ಕತ್ತು ಕೊಟ್ಟಿದ್ದರೂ ಅದನ್ನು ವೈದ್ಯರಿಗೆ ತಿಳಿಸಿ, ಏಕೆಂದರೆ ವಾಂತಿಯಾಗಿ ಅದು ಶ್ವಾಸನಾಳಕ್ಕೆ ಹೋಗಬಹುದು. ಹಲ್ಲಿನ ಕೆಲಸ ಮಾಡುವ ವೈದ್ಯರಲ್ಲದೆ ಮಗುವಿನ ಉಸಿರಾಟವನ್ನೇ ನೋಡಿಕೊಳ್ಳಲು ಇನ್ನೊಬ್ಬರು ಇರುತ್ತಾರೆಯೇ, ಆಮ್ಲಜನಕ ಇದೆಯೇ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು, ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಕೆಲವು ಮಕ್ಕಳು ಈ ಸಿರಪ್ಪಿಗೆ ಶಾಂತವಾಗುವ ಬದಲು ರಚ್ಚೆ ಹಿಡಿದು ಅಳುವುದೂ ಇದೆ.

ಮನೆಗೆ ಮರಳುವಾಗ ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗಬೇಡಿ. ಮಂಪರಿನಲ್ಲಿ ಕುತ್ತಿಗೆ ಎದೆಯ ಮೇಲೆ ವಾಲಿದರೆ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಆಟೋದಲ್ಲಿಯಾದರೂ ಸರಿ, ಇನ್ನೊಬ್ಬ ದೊಡ್ಡವರನ್ನು ಕರೆದುಕೊಂಡು, ಒಬ್ಬರು ಮಗುವಿನ ತಲೆಯನ್ನು ನೆಟ್ಟಗೆ ಹಿಡಿದಿರಬೇಕು. ಹುಳುಕು ಸಣ್ಣದಿದ್ದರೆ, ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಹಚ್ಚಿ ಹುಳುಕು ಹಬ್ಬದಂತೆ ತಡೆಯಬಹುದೇ ಎಂದೂ ವಿಚಾರಿಸಿ. ಹಚ್ಚಿದ ಜಾಗ ಕಪ್ಪಾಗುತ್ತದೆ, ಆದರೆ ಸೂಜಿಯೂ ಬೇಡ, ಡ್ರಿಲ್ಲೂ ಬೇಡ.

ಪ್ರಶ್ನೆ: ನಾನು ಒಬ್ಬನೇ ಇರುವವನು. ಗುಳಿಗೆ ತೆಗೆದುಕೊಂಡು ಚಿಕಿತ್ಸೆಯಾದ ಮೇಲೆ ನಿಧಾನವಾಗಿ ಬೈಕಿನಲ್ಲಿ ಮನೆಗೆ ಬರಬಹುದೇ?
– ಆರ್., ಮಂಗಳೂರು

ಉತ್ತರ: ಬರಕೂಡದು. ಎಚ್ಚರವಾದಂತೆ ನಿಮಗೆ ಅನ್ನಿಸಿದರೂ ಕೈ, ಕಣ್ಣು, ತೀರ್ಮಾನ ಮೂರೂ ಇನ್ನೂ ನಿಧಾನವಾಗಿರುತ್ತವೆ. ಒಂದು ಇಡೀ ದಿನ ವಾಹನ ಓಡಿಸಬೇಡಿ, ಗ್ಯಾಸ್ ಒಲೆ ಹಚ್ಚಿಟ್ಟು ಮಲಗಬೇಡಿ, ಬ್ಯಾಂಕಿನ ಕಾಗದಗಳಿಗೆ ರುಜು ಹಾಕಬೇಡಿ, ಆ ರಾತ್ರಿ ಮದ್ಯ ಮುಟ್ಟಬೇಡಿ. ಸ್ನೇಹಿತರನ್ನೋ ಸಹೋದ್ಯೋಗಿಯನ್ನೋ ಕರೆದುಕೊಂಡು ಬಂದು, ಸಂಜೆಯವರೆಗೆ ಜೊತೆಗಿರಲು ಹೇಳಿ. ಯಾರೂ ಸಿಗದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ. ಗುಳಿಗೆಯಿಲ್ಲದೆ, ಸ್ವಲ್ಪ ಸ್ವಲ್ಪವಾಗಿ ಎರಡು ಮೂರು ಭೇಟಿಗಳಲ್ಲಿ ಚಿಕಿತ್ಸೆ ಮುಗಿಸುವ ದಾರಿಯನ್ನು ಅವರು ಹುಡುಕುತ್ತಾರೆ.