ಮಸಾರಿ ಮಣ್ಣು, ಕೌದಿ, ಹೊಂಗೆ: ಕಚೇರಿ ಕಟ್ಟುವವರ ಮೂರು ಪ್ರಶ್ನೆ

ಪ್ರಶ್ನೆ: ಧಾರವಾಡದಲ್ಲಿ 40×60 ಸೈಟಿನಲ್ಲಿ ಇಪ್ಪತ್ತು ಜನ ಕೂರುವ ಕಚೇರಿ ಕಟ್ಟಿಸುತ್ತಿದ್ದೇವೆ. ರಸ್ತೆ ಪಶ್ಚಿಮಕ್ಕಿದೆ. ಮುಂಭಾಗಕ್ಕೆಲ್ಲ ಗಾಜು, ಒಳಗೆ ವಾಡೆಯ ಕಂಬದಂಥ ಫೈಬರ್ ಕಂಬ ಎನ್ನುತ್ತಾರೆ ಡಿಸೈನರು. ನಮಗೆ ಊರಿನ ಛಾಯೆ ಬೇಕು, ಕರೆಂಟ್ ಬಿಲ್ಲೂ ಇಳಿಯಬೇಕು. ಮಣ್ಣಿನ ಬ್ಲಾಕು ಬಾಳಿಕೆ ಬರುತ್ತದೆಯೇ?

ಉತ್ತರ: ಪಶ್ಚಿಮಕ್ಕೆ ಗಾಜು ಹಾಕಿಸಿದರೆ ಏಪ್ರಿಲ್ ಸಂಜೆ ಎಸಿಗೂ ಸಾಕುಸಾಕಾಗುತ್ತದೆ. ಈ ಸೀಮೆಯ ಹಳೆಯ ಮನೆಗಳಲ್ಲಿ ದಪ್ಪ ಗೋಡೆ, ಮುಂದೊಂದು ಕಟ್ಟೆ, ನಡುವೆ ಪಡಸಾಲೆ, ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತಿದ್ದವು. ಆ ಲೆಕ್ಕಾಚಾರವನ್ನು ತನ್ನಿ, ಕಂಬ ಬಿಟ್ಟುಬಿಡಿ.

ಮೆಟ್ಟಿಲು, ಶೌಚಾಲಯ, ಕಡತದ ಕೋಣೆ ಪಶ್ಚಿಮಕ್ಕಿರಲಿ. ಬಿಸಿಲನ್ನು ಅವು ತಡೆದುಕೊಳ್ಳುತ್ತವೆ. ಅವುಗಳ ಮುಂದೆ ಆರು ಅಡಿ ಅಗಲದ ಕಟ್ಟೆ, ಅದಕ್ಕೆ ಜಾಲಿ (ಗಾಳಿಯಾಡುವ ತೂತುಗಳಿರುವ) ಗೋಡೆ ಅಥವಾ ಬಿದಿರಿನ ತಟ್ಟಿ. ಕೆಲಸದ ಮೇಜುಗಳು ಉತ್ತರದ ಕಿಟಕಿಯ ಕಡೆಗೆ. ದಕ್ಷಿಣದ ಕಿಟಕಿಗೆ ಎರಡು ಅಡಿ ಸಜ್ಜಾ ಸಾಕು. ಡಿಸೆಂಬರ್ ಕೊನೆಯ ನಡುಮಧ್ಯಾಹ್ನ ಧಾರವಾಡದಲ್ಲಿ ಸೂರ್ಯ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ, ಆಗಲೂ ಸಜ್ಜಾದ ನೆರಳು ಎರಡೂವರೆ ಅಡಿ ಕೆಳಗೆ ಇಳಿಯುತ್ತದೆ. ಪಶ್ಚಿಮಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಇಳಿಬಿಸಿಲು ಸಜ್ಜಾದ ಅಡಿಯಿಂದಲೇ ಒಳಗೆ ನುಗ್ಗುತ್ತದೆ.

ಬ್ಲಾಕು ಖಂಡಿತ ಬಾಳುತ್ತದೆ, ಮಣ್ಣು ಸರಿಯಿದ್ದರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಘಟಕ ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದೆ. ಧಾರವಾಡದ ಪೂರ್ವಕ್ಕೆ ಎರೆಮಣ್ಣು. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಸಿಮೆಂಟು ಬೆರೆಸಿ ಒತ್ತುವ ಮಣ್ಣಿನ ಬ್ಲಾಕಿಗೆ ಆಗದು. ನಿಮಗೆ ಬೇಕಾದ್ದು ಮಸಾರಿ, ಅಂದರೆ ಕೆಂಪು ಮಣ್ಣು. ಮೇಲಿನ ಒಂದು ಅಡಿಯಲ್ಲಿ ಬೇರು, ಗೊಬ್ಬರ ಸೇರಿರುತ್ತದೆ, ಅದನ್ನು ತೆಗೆದು ಕೆಳಗಿನದನ್ನು ಬಳಸಿ. ಗಾಜಿನ ಬಾಟಲಿಯಲ್ಲಿ ಮೂರರಲ್ಲಿ ಒಂದು ಪಾಲು ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ. ಜೇಡಿ ಮೇಲೆ ಕೂರಲು ಒಂದು ದಿನ ಬೇಕು. ಮರಳು ಮೂರರಲ್ಲಿ ಎರಡು ಪಾಲು, ಜೇಡಿ ನೂರಕ್ಕೆ ಹತ್ತು ಹದಿನೈದು ಇದ್ದರೆ ಹದ. ಜೇಡಿ ಹೆಚ್ಚಿದ್ದರೆ ಮರಳೋ ಕಲ್ಲುಪುಡಿಯೋ ಬೆರೆಸಿ.

ಸಿಮೆಂಟು ತೂಕದಲ್ಲಿ ನೂರಕ್ಕೆ ಏಳು. 230×190×100 ಮಿ.ಮೀ. ಬ್ಲಾಕು ಎಂಟು ಕೆ.ಜಿ. ತೂಗುತ್ತದೆ, ಅಂದರೆ 50 ಕೆ.ಜಿ. ಚೀಲಕ್ಕೆ ಹತ್ತಿರಹತ್ತಿರ 90 ಬ್ಲಾಕು. ನೀರಿನ ಹದಕ್ಕೆ ಒಂದು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಿ. ಪುಡಿಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಅಂಟಿಕೊಂಡರೆ ಹೆಚ್ಚಾಯಿತು, ನಾಲ್ಕೈದು ಹೋಳಾದರೆ ಸರಿ. ಕೆಲಸ ಕೆಡುವುದು ಹೆಚ್ಚಾಗಿ ಎರಡು ಕಡೆ. ಬೆಳಿಗ್ಗೆಯೇ ದೊಡ್ಡ ರಾಶಿ ಕಲಸಿಟ್ಟು ಮಧ್ಯಾಹ್ನದವರೆಗೆ ಒತ್ತುತ್ತಾರೆ. ಅಷ್ಟರಲ್ಲಿ ಸಿಮೆಂಟು ಹಿಡಿಯಲು ಶುರುವಾಗಿ ಬ್ಲಾಕಿನ ಅಂಚು ಉದುರುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಲಿ. ಎರಡನೆಯದು, ವಾರ ನೀರು ಹೊಡೆದು ಗೋಡೆಗೆ ಏರಿಸುವ ಅವಸರ. ಹುಲ್ಲೋ ಗೋಣಿಯೋ ಮುಚ್ಚಿ ಮೂರು ವಾರ ತೇವ ಆರದಂತೆ ನೋಡಿಕೊಳ್ಳಿ, ಆಮೇಲೆ ನೆನೆಸಿದ ಬ್ಲಾಕನ್ನೇ ಲ್ಯಾಬಿನಲ್ಲಿ ಒತ್ತಿಸಿ ನೋಡಿ. ಒಣ ಬ್ಲಾಕಿನ ಬಲ ನಂಬಬೇಡಿ.

ಪಾಯದ ಮೇಲೆ ಎರಡು ಅಡಿ ಕಲ್ಲಿನ ಗೋಡೆ ಇರಲಿ, ಇಲ್ಲದಿದ್ದರೆ ಮಳೆ ನೆಲಕ್ಕೆ ಬಿದ್ದು ಸಿಡಿದು ಗೋಡೆಯ ಬುಡ ಕೊರೆಯುತ್ತದೆ. ಸೈಟಿನ ಕೆಳಗೆ ಎರೆಮಣ್ಣಿದ್ದರೆ ಪಾಯದ ಮಾತು ಇಂಜಿನಿಯರ್‌ಗೇ ಬಿಡಿ. ಗೋಡೆಗೆ ಆಯಿಲ್ ಪೇಂಟ್ ಬೇಡವೇ ಬೇಡ; ತೇವ ಒಳಗೇ ಸಿಕ್ಕಿ ಬಣ್ಣ ಗುಳ್ಳೆಯೆದ್ದು ಬರುತ್ತದೆ. ಸುಣ್ಣ ಬಳಿಯಿರಿ, ಇಲ್ಲವೇ ಬ್ಲಾಕು ಕಾಣುವಂತೆಯೇ ಬಿಡಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಬಾಡಿಗೆ ಕಚೇರಿ. ಹಾಲಿನಲ್ಲಿ ಮಾತು ಗುಂಯ್‌ಗುಡುತ್ತದೆ. ಗೋಡೆಗೆ ಕಸೂತಿ ವಿನ್ಯಾಸದ ವಿನೈಲ್ ಹಚ್ಚಿಸಿದರೆ ಚೆನ್ನಾಗಿರುತ್ತದೆಯೇ?

ಉತ್ತರ: ವಿನೈಲ್ ಸದ್ದನ್ನು ಒಂದಿಷ್ಟೂ ಹೀರುವುದಿಲ್ಲ. ಕಸೂತಿಯ ಜೀವ ಇರುವುದು ಎಳೆ ಎಣಿಸಿ ಹಾಕಿದ ಹೊಲಿಗೆಯಲ್ಲಿ. ಅದರ ಗವಂತಿ, ಮುರಗಿ ಹೊಲಿಗೆಗಳನ್ನು ಹತ್ತು ಅಡಿಗೆ ಹಿಗ್ಗಿಸಿದರೆ ಗ್ರಾಫ್ ಹಾಳೆಯಂತೆ ಕಾಣುತ್ತದೆ. ಆ ದುಡ್ಡಿಗೆ ಹೊಲಿಯುವವರಿಂದಲೇ ಕೈಹೊಲಿಗೆಯ ಒಂದು ತುಂಡು ಕೊಂಡು ಚೌಕಟ್ಟು ಹಾಕಿಸಿ, ಕೆಳಗೆ ಅವರ ಹೆಸರು ಬರೆಯಿಸಿ.

ಸದ್ದಿಗೆ ಕೌದಿ ಒಳ್ಳೆಯ ಉಪಾಯ. ಹಳೆ ಸೀರೆ, ಧೋತರ ಪದರ ಪದರವಾಗಿ ಸೇರಿಸಿ ಹೊಲಿದದ್ದು, ಹಾಗಾಗಿ ದಪ್ಪಗೆ, ಸಡಿಲಾಗಿ ಇರುತ್ತದೆ. ಗೋಡೆಗೆ ಒತ್ತಿ ಮೊಳೆ ಹೊಡೆಯಬೇಡಿ. ಮರದ ಪಟ್ಟಿಗೆ ತೂಗುಹಾಕಿ, ಹಿಂದೆ ಎರಡು ಇಂಚು ಜಾಗ ಬಿಡಿ. ಆ ಗಾಳಿಯ ಪದರದಿಂದ ಹೀರುವಿಕೆ ಹೆಚ್ಚುತ್ತದೆ. ನೆಲದಿಂದ ಮೂರು ಅಡಿಯಿಂದ ಆರು ಅಡಿ, ಅಂದರೆ ಕೂತವರ ಬಾಯಿ, ಕಿವಿಯ ಮಟ್ಟದಲ್ಲಿ. ಎದುರುಬದುರು ಗೋಡೆಗಳಲ್ಲಿ ಒಂದಕ್ಕಾದರೂ ಇರಬೇಕು, ಇಲ್ಲದಿದ್ದರೆ ಸದ್ದು ಆ ಎರಡರ ನಡುವೆ ಪುಟಿಯುತ್ತಲೇ ಇರುತ್ತದೆ. ಸ್ವಿಚ್‌ಬೋರ್ಡಿನಿಂದ ದೂರವಿಡಿ, ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ಕೊಡವಿ. ನವಲಗುಂದದ ಜಮಖಾನವನ್ನು ನೆಲಕ್ಕೆ ಕೂರುವ ಮೂಲೆಯಲ್ಲಷ್ಟೇ ಹಾಸಿ. ಗಾಲಿ ಕುರ್ಚಿ ಓಡಾಡಿದರೆ ಎಳೆ ಕೀಳುತ್ತದೆ.

ಪ್ರಶ್ನೆ: ಕಚೇರಿಯ ಗಾಳಿ ಶುದ್ಧ ಮಾಡುವ ಗಿಡ ಯಾವುದು? ಹೊರಗೆ ನೆರಳಿಗೆ ಯಾವ ಮರ?

ಉತ್ತರ: ಆ ಮಾತು ಬಂದಿದ್ದು ನಾಸಾದ 1989ರ ಪ್ರಯೋಗದಿಂದ. ಅದು ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ ನಡೆದದ್ದು. ನಿಜವಾದ ಕೋಣೆಯಲ್ಲಿ ನಾಲ್ಕು ಕುಂಡದ ಪರಿಣಾಮ ಲೆಕ್ಕಕ್ಕೇ ಬರುವುದಿಲ್ಲ. ಗಾಳಿಗೆ ಕಿಟಕಿ ತೆಗೆಯಿರಿ, ಗಿಡ ಕಣ್ಣಿಗಿರಲಿ. ಮನಿಪ್ಲಾಂಟ್, ಸ್ನೇಕ್ ಪ್ಲಾಂಟ್ ಕಡಿಮೆ ಬೆಳಕಿಗೂ ಬದುಕುತ್ತವೆ. ಅವು ಸಾಯುವುದು ಹೆಚ್ಚಾಗಿ ನೀರು ಜಾಸ್ತಿಯಾಗಿ, ಬೇರು ಕೊಳೆತು. ಬೆರಳು ಒಂದಿಂಚು ಇಳಿಸಿ, ಒಣಗಿದ್ದರೆ ಮಾತ್ರ ಹಾಕಿ. ನೀರು ಹಾಕುವ ಕೆಲಸ ಒಬ್ಬರಿಗೇ ವಹಿಸಿ.

ಹೊರಗೆ ಪಶ್ಚಿಮಕ್ಕೆ ಹೊಂಗೆ. ಬಿರುಬೇಸಿಗೆಗೆ ಮುಂಚೆಯೇ ಹೊಸ ಚಿಗುರು ಹೊದ್ದು ನೆರಳಿಗೆ ನಿಲ್ಲುತ್ತದೆ, ಅದಕ್ಕೇ ನಮ್ಮ ಕಡೆ ‘ಹೊಂಗೆ ನೆರಳು’ ಎನ್ನುವುದು. ಆದರೆ ಎರೆಮಣ್ಣಿನಲ್ಲಿ ಗೋಡೆಗೆ ಹತ್ತಿರ ನೆಡಬೇಡಿ. ಬೇರು ತೇವ ಹೀರಿದ ಕಡೆ ಮಣ್ಣು ಕುಗ್ಗಿ ಪಾಯ ಕೂತು ಗೋಡೆಯಲ್ಲಿ ಓರೆ ಬಿರುಕು ಬಿಡುತ್ತದೆ. ಮರ ಎಷ್ಟು ಎತ್ತರ ಬೆಳೆಯುತ್ತದೋ ಅಷ್ಟು ದೂರ ಇಡುವುದು ಕ್ಷೇಮ. ಅಷ್ಟು ಜಾಗವಿಲ್ಲದವರು ತಂತಿ ಚೌಕಟ್ಟಿಗೆ ಮಲ್ಲಿಗೆ ಬಳ್ಳಿಯನ್ನೋ ಶಂಖಪುಷ್ಪವನ್ನೋ ಹಬ್ಬಿಸಬಹುದು. ಚೌಕಟ್ಟು ಗೋಡೆಯಿಂದ ಒಂದು ಅಡಿ ದೂರ ನಿಲ್ಲಲಿ, ಸುಣ್ಣ ಬಳಿಯುವವರ ಕೈ ಆಡಬೇಕು.