ಸಿವಿಲೈಜೇಷನ್ 6 ವಿಡಿಯೋ ಗೇಮ್‌ನಾಗ ನನ್ನ ಊರುಗಳು ಯಾಕ ಬೆಳೀವಲ್ವು?

ಹೊಲ ಮಾಡಿದ್ರೂ ಜನಸಂಖ್ಯೆ 2-3ರ ಮ್ಯಾಲ ಏರವಲ್ದು ಅಂತ ಕೇಳೀರಿ, ನೀವು ನೀರು ನೋಡಿಲ್ರಿ. ಹೊಳಿ ಇಲ್ಲಾ ಕೆರಿ ಪಕ್ಕ ಊರು ಕೂರಿಸಿದ್ರ ನೀರಿಂದಾನೇ 5 ಹೌಸಿಂಗ್ (ಊರಾಗ ಜನ ಇರಾಕ ಜಾಗ) ಸಿಗ್ತದ, ಸಮುದ್ರದ ದಂಡಿಗೆ 3, ಒಣಾ ಜಾಗಕ್ಕ ಬರೇ 2, ಮತ್ತ ಜನ ಹೌಸಿಂಗ್ ಹತ್ರ ಬಂದ್ರ ಎಷ್ಟೇ ಫುಡ್ ಇದ್ರೂ ಬೆಳವಣಿಗಿ ಅರ್ಧಕ್ಕ ಬೀಳ್ತದ, ಆಮ್ಯಾಲ ಇನ್ನೂ ಕಡಿಮಿ. ಎರಡನೇ ಡಿಸ್ಟ್ರಿಕ್ಟ್‌ಗೆ (ಸೈನ್ಸ್, ವ್ಯಾಪಾರದಂಥ ಒಂದೊಂದು ಕೆಲಸಕ್ಕ ಊರಾಗ ಕಟ್ಟೋ ಭಾಗ) ಜನಸಂಖ್ಯೆ 4 ಬೇಕು, ಮೂರನೇದಕ್ಕ 7, ಹಿಂಗಾಗೇ ನೀವು ಸೈನ್ಸ್‌ನಾಗೂ ಹಿಂದ ಬೀಳೋದು.

ಹಂಗಂತ ನೀರಿಲ್ದಿದ್ರೂ ಮೌಂಟನ್ ಪಕ್ಕದ ಜಾಗ ಬಿಡಬ್ಯಾಡ್ರಿ. ಕ್ಯಾಂಪಸ್‌ಗೆ, ಅಂದ್ರ ಸೈನ್ಸ್ ಕೊಡೋ ಡಿಸ್ಟ್ರಿಕ್ಟ್‌ಗೆ, ತಾಗಿದ ಒಂದೊಂದು ಮೌಂಟನ್‌ಗೂ 1 ಸೈನ್ಸ್ ಸಿಗ್ತದ, ಎಂಜಿನಿಯರಿಂಗ್ ಟೆಕ್ನಾಲಜಿ ಕಲಿತ ಮ್ಯಾಲ ಅಲ್ಲಿಂದಾನೇ ಅಕ್ವಡಕ್ಟ್ (ಊರಿಗೆ ನೀರು ತರೋ ಕಾಲುವಿ) ಎಳೀರಿ, ಒಣಾ ಊರಿನ ನೀರಿನ ಹೌಸಿಂಗ್ 6ಕ್ಕ ಏರ್ತದ. ನಾ ಬೀದರ್‌ನವ, ನಮ್ಮ ನೌಬಾದ್ ಕಡಿ ಬಹಮನಿ ಕಾಲದ ಕರೇಜ್ ಅದ, ಸುರಂಗ ಬಾವಿ ಅಂತೀವಿ, ಕಲ್ಲು ಕೊರೆದು ನೆಲದೊಳಗಿಂದ ನೀರು ತಂದಾರ, ಅದನ್ನ ನೋಡಿದ ಮ್ಯಾಲ ನಂಗ ಈ ಅಕ್ವಡಕ್ಟ್ ಮ್ಯಾಲ ಭಾಳ ಪ್ರೀತಿ.

ಸದ್ಯಕ್ಕ ಸೆಟ್ಲರ್ ಲೆನ್ಸ್ (ಎಲ್ಲಿ ನೀರದ ಅಂತ ಬಣ್ಣದಾಗ ತೋರಿಸೋ ನಕ್ಷಿ) ಆನ್ ಮಾಡ್ರಿ, ಗಾಢ ಹಸಿರು, ಅಂದ್ರ ಸಿಹಿನೀರು, ಕಂಡಲ್ಲೇ ಊರು ಹಾಕ್ರಿ.